ಡ್ರಿಲ್ ಮಾಸ್ತರರ ಒಳಗಿನ ಫೌಜು

ನಿಮ್ಮ ಮನೆಯಲ್ಲಿ ಹೀಗಾಗಿದೆಯಾ, ಹೇಳಿ. ಡಾಕ್ಟರು ಗುಳಿಗೆ ಕೊಟ್ಟರು, ರೋಗ ಇಳಿಯಿತು, ಊಟ ಸೇರಿತು, ನಿದ್ದೆ ಬಂತು. ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ ಆ ಮನುಷ್ಯ ಯಾರಿಗೂ ಹೇಳದೆ ಗುಳಿಗೆ ಬಿಟ್ಟುಬಿಟ್ಟ. ಯಾಕೆ ಅಂತ ಕೇಳಿದರೆ, "ಅದು ಶಕ್ತಿ ಕಮ್ಮಿ ಮಾಡ್ತದ" ಅಂದ. ಆಗಿದೆಯಾ? ಆಗಿದ್ದರೆ ನನ್ನ ಹೊಟ್ಟೆಯೊಳಗಿನ ಸಿಟ್ಟು ಎಂಥದ್ದು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಇದು ನಮ್ಮ ಶಾಲೆಯ ಡ್ರಿಲ್ ಮಾಸ್ತರರ ಬಗ್ಗೆ. ಹೆಸರು ಬರೆಯುವುದಿಲ್ಲ. ಭಾಲ್ಕಿ ಕಡೆಯವರಿಗೆ ಎರಡು ಸಾಲು ಓದಿದರೆ ಗೊತ್ತಾಗಿಬಿಡುತ್ತದೆ. ಗೊತ್ತಾದವರು ಕಾಮೆಂಟಿನಲ್ಲಿ ಹೆಸರು ಹಾಕಬೇಡಿ, ಅವರ ಮನೆಯವರು ಓದುತ್ತಾರೆ. ಮಾಸ್ತರು ಇತ್ತೀಚೆಗೆ ತೀರಿಕೊಂಡರು. ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕಂತೆ. ಒಳ್ಳೆಯದೂ ಬರೆಯುತ್ತೇನೆ. ಆದರೆ ಮೊದಲು ಬೈಯುತ್ತೇನೆ.

ನಮ್ಮಿಬ್ಬರ ಮನೆ ಬೀದರಿನ ಚಿದ್ರಿಯಲ್ಲಿ, ಒಂದು ಓಣಿ ಆಚೀಚೆ. ಇಬ್ಬರೂ ಭಾಲ್ಕಿಯ ಒಂದೇ ಹೈಸ್ಕೂಲು. ನಾನು ಕನ್ನಡ, ಅವರು ಪಿ.ಟಿ. ದಿನಾ ಒಂದೇ ಬಸ್ಸು. ಅವರು ಮೂಲತಃ ಔರಾದ ತಾಲ್ಲೂಕಿನ ಹಳ್ಳಿಯವರು. ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಬರುತ್ತಿದ್ದರು. "ಕುಂದ್ರೋರು ಮುದುಕರು ಟೀಚರ್" ಅನ್ನುತ್ತಿದ್ದರು, ಕೂತಿದ್ದ ನನ್ನನ್ನೇ ನೋಡುತ್ತ. ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ಕೊರಳಲ್ಲಿ ಸೀಟಿ, ಕೈಯಲ್ಲಿ ಒಂದು ಸ್ಟೀಲ್ ಥರ್ಮಾಸ್.

ಆ ಥರ್ಮಾಸಿನ ಬಗ್ಗೆ ಹೇಳಲೇಬೇಕು. ಅದರಲ್ಲಿ ಅಮೃತಬಳ್ಳಿ ಕಷಾಯ. ಕೊರೊನಾ ಬಂದಾಗ ಎಲ್ಲರೂ ಕುಡಿದರು, ಹೋದ ಮೇಲೆ ಎಲ್ಲರೂ ಬಿಟ್ಟರು. ಇವರು ಮಾತ್ರ ಬಿಡಲಿಲ್ಲ. ತಾವು ಕುಡಿಯುವುದಲ್ಲದೆ ಸ್ಟಾಫ್ ರೂಮಿನಲ್ಲಿ ಯಾರಾದರೂ ಸೀನಿದರೆ ಸಾಕು, ಮುಚ್ಚಳದಲ್ಲಿ ಹೊಯ್ದು ಮೂಗಿನ ಮುಂದೆ ಹಿಡಿಯುತ್ತಿದ್ದರು. ಕಹಿ ಅಂದರೆ ಎಂಥ ಕಹಿ! "ಕುಡೀರಿ ಟೀಚರ್. ಒಳಗಿನ ಫೌಜ್ ಗಟ್ಟಿ ಇರಬೇಕು. ಫೌಜ್ ಗಟ್ಟಿ ಇದ್ರ ಹೊರಗಿನ ದುಶ್ಮನ್ ಏನ್ ಮಾಡ್ತಾನ?" ಫೌಜ್ ಅಂದರೆ ಸೈನ್ಯ, ಮೈಯ ರೋಗನಿರೋಧಕ ಶಕ್ತಿಗೆ ಅವರಿಟ್ಟ ಹೆಸರು. ನಮ್ಮ ಹೆಡ್ ಮಾಸ್ತರು ಮೂಗು ಹಿಡಿದು ಕುಡಿದು, ಅವರು ಆ ಕಡೆ ತಿರುಗಿದ ಕೂಡಲೇ ಕಿಟಕಿಯಿಂದ ಉಗುಳುತ್ತಿದ್ದರು. ಕಿಟಕಿಯಾಚೆಯ ಗಿಡ ಮಾತ್ರ ಚೆನ್ನಾಗಿ ಬೆಳೆಯಿತು.

ಒಳ್ಳೆಯದೂ ಬರೆಯುತ್ತೇನೆ ಅಂದೆನಲ್ಲ. ನಮ್ಮ ಶಾಲೆಯ ಹುಡುಗಿಯರಿಗೆ ಕಬಡ್ಡಿ ಕಲಿಸಿದವರು ಅವರೇ. ಅದಕ್ಕೆ ಮೊದಲು ಆಟದ ಪಿರಿಯಡ್ ಅಂದರೆ ಹುಡುಗಿಯರು ಗಿಡದ ನೆರಳಲ್ಲಿ ಕೂತು ಕಸೂತಿ ಹಾಕುತ್ತಿದ್ದರು. ಖಟಕ ಚಿಂಚೋಳಿಯ ಒಬ್ಬ ಹುಡುಗಿಗೆ ರೇಡ್ ಮಾಡುವುದರಲ್ಲಿ ಬಹಳ ಚುರುಕು. ಅವಳ ಅಪ್ಪ ಬಿಲ್‌ಕುಲ್ ಕಳಿಸುವುದಿಲ್ಲ ಅಂದ. ಇವರು ಬಸ್ಸು ಹತ್ತಿ ಅವನ ಮನೆಗೇ ಹೋಗಿ ಕಟ್ಟೆಯ ಮೇಲೆ ಕೂತರು.

"ಮಾಸ್ತರ, ಹುಡುಗಿ ಚಡ್ಡಿ ಹಾಕ್ಕೊಂಡು ಮಂದಿ ಮುಂದ ಆಡಬೇಕೇನ್ರಿ?"

"ಯಾಕ ಚಡ್ಡಿ? ಪೈಜಾಮ ಹಾಕ್ಕೊಂಡು ಆಡ್ಲಿ. ಗೆದ್ದು ಬಂದ ದಿನ ನೀವೇ ಊರತುಂಬ ಪೇಢಾ ಹಂಚ್ತೀರಿ, ನೋಡ್ರಿ."

ಒಪ್ಪುವ ತನಕ ಏಳಲಿಲ್ಲ. ಊಟದ ಹೊತ್ತಾಯಿತು, ಆ ಮನೆಯವರೇ ರೊಟ್ಟಿ ಕೊಟ್ಟರು, ಇವರು ತಿಂದರು, ಮತ್ತೆ ಕೂತರು. ಕೊನೆಗೆ ಆ ಅಪ್ಪ ಬೇಸತ್ತು, "ಒಯ್ರಿ ಮಾರಾಯ್ರೆ, ಮೊದಲ ನೀವು ಏಳ್ರಿ" ಅಂದನಂತೆ. ಹಟ ಅಂದರೆ ಇಂಥ ಹಟ. ಬೇರೆಯವರಿಗಾಗಿ ಹಟ ಮಾಡಿದಾಗ ಎಷ್ಟು ಚೆಂದ ಕಾಣುತ್ತಿತ್ತು!

ರೋಗ ಶುರುವಾದದ್ದು ಬಾಯಿಯಲ್ಲಿ. ಕೆನ್ನೆಯ ಒಳಗಡೆ, ಒಸಡಿನ ಮೇಲೆ ಹುಣ್ಣು. ಖಾರ ಹಚ್ಚಿದ ರೊಟ್ಟಿಯಿಲ್ಲದೆ ಊಟವಾಯಿತು ಅನ್ನದ ಮನುಷ್ಯ ಮೊಸರನ್ನ ಕಲಸತೊಡಗಿದರು. "ಉಷ್ಣ ಆಗ್ಯಾದ್ರಿ" ಅಂದರು. ಎಲ್ಲರೂ ಅದನ್ನೇ ಅಂದರು. ಒಬ್ಬರು ಸಬ್ಬಸಿಗೆ ಬೀಜ ನೆನೆಸಿ ಕುಡಿ ಅಂದರು, ಇನ್ನೊಬ್ಬರು ಬಾಯಿಗೆ ಬೆಣ್ಣೆ ಹಚ್ಚು ಅಂದರು. ತಿಂಗಳುಗಳೇ ಕಳೆದವು, ಹುಣ್ಣು ಮಾಯಲಿಲ್ಲ. ಸೀಟಿ ಊದಿದರೆ ತುಟಿಯಿಂದ ರಕ್ತ. ಆಮೇಲೆ ಊದುವುದನ್ನೇ ಬಿಟ್ಟು ಚಪ್ಪಾಳೆ ತಟ್ಟತೊಡಗಿದರು. ಮೈದಾನದ ಆ ತುದಿಯ ಹುಡುಗರು ಆ ಚಪ್ಪಾಳೆಗೆ ಕಿವಿಗೊಡುತ್ತಾರೆಯೇ? ಅವರ ಪಾಡಿಗೆ ಅವರು ಹೊಡೆದಾಡಿಕೊಂಡಿದ್ದರು.

ಆಮೇಲೆ ಎದೆಯ ಮೇಲೆ, ಬೆನ್ನ ಮೇಲೆ ಗುಳ್ಳೆ ಎದ್ದವು. ನೀರು ತುಂಬಿದ ಮೆತ್ತನೆಯ ಗುಳ್ಳೆ. ಮುಟ್ಟಿದರೆ ಒಡೆದು ಸಿಪ್ಪೆ ಜಾರಿ, ಕೆಳಗೆ ಹಸಿ ಮಾಂಸದ ಬಣ್ಣ. ಶಾಲೆಯಲ್ಲಿ ಅವರ ಚಹಾದ ಲೋಟ ಬೇರೆಯಾಯಿತು. ಯಾರು ಬೇರೆ ಮಾಡಿದರು ಅಂತ ಇವತ್ತಿಗೂ ಯಾರೂ ಒಪ್ಪಿಕೊಂಡಿಲ್ಲ. ಬಿ.ಎಸ್ಸಿ. ಓದಿದವರು, ಬಿ.ಎಡ್. ಮಾಡಿದವರು ಇದ್ದ ಸ್ಟಾಫ್ ರೂಮು ಅದು.

ವೈನಿ, ಅಂದರೆ ಅವರ ಹೆಂಡತಿ, ನನ್ನ ಮನೆಗೆ ಬಂದು ಅತ್ತರು. "ಟೀಚರ್, ನೀವರ ದವಾಖಾನಿಗಿ ಕರಕೊಂಡು ನಡೀರಿ. ನನ್ನ ಮಾತ ಕೇಳಂಗಿಲ್ಲ." ಮೂವರೂ ಬೀದರಿನ ಒಬ್ಬ ಚರ್ಮದ ಡಾಕ್ಟರಮ್ಮನ ಹತ್ತಿರ ಹೋದೆವು. ಅವರೂ ನಮ್ಮ ಕಡೆಯವರೇ. ಗುಳ್ಳೆಯ ಪಕ್ಕದ ಚರ್ಮವನ್ನು ಬೆರಳಿಂದ ಮೆಲ್ಲಗೆ ಒತ್ತಿ ನೋಡಿದರು, ಬಾಯಿ ತೆರೆಸಿ ನೋಡಿದರು, ಸಣ್ಣ ಚೂರು ಚರ್ಮ ತೆಗೆದು ಪರೀಕ್ಷೆಗೆ ಹೈದರಾಬಾದಿಗೆ ಕಳಿಸಿದರು. ವರದಿ ಬಂದ ದಿನ ರೋಗದ ಹೆಸರು ಹೇಳಿದರು: ಪೆಂಫಿಗಸ್. ಅಂಟುರೋಗ ಅಲ್ಲ, ಯಾರಿಂದಲೂ ಬಂದದ್ದಲ್ಲ, ಯಾರಿಗೂ ಹತ್ತುವುದಿಲ್ಲ ಅಂದರು.

"ಹಂಗಾರ ಎಲ್ಲಿಂದ ಬಂತ್ರಿ?" ಅಂದರು ಮಾಸ್ತರು.

"ಒಳಗಿಂದ. ನಿಮ್ಮ ಮೈಯ ಫೌಜು ನಿಮ್ಮ ಚರ್ಮಕ್ಕೇ ಹೊಡೀಲತ್ತದ."

"ಸಾಧ್ಯನೇ ಇಲ್ರಿ ಮೇಡಂ. ನನ್ನ ಫೌಜ್ ಎಂಥಾದ್ದು ಅಂತ ಈ ಟೀಚರ್‌ಗೆ ಕೇಳ್ರಿ. ಒಂದು ನೆಗಡಿ ಬಂದಿಲ್ಲ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ನೀವು ಡ್ರಿಲ್ ಮಾಸ್ತರಲ್ಲೇನು? ಇಬ್ಬರು ಹುಡುಗ್ರು ಜಗಳಾಡಿದ್ರ ಏನ್ ಮಾಡ್ತೀರಿ?"

"ಸೀಟಿ ಊದ್ತೇನಿ. ನಿಲ್ಲಸ್ತೇನಿ."

"ಮೈಯಾಗೂ ಹಂಗೇ ಅದ. ಎಲ್ಲಾ ಕಣಗೋಳು ಹೊಡಿಯೋವೇ ಇರಂಗಿಲ್ಲ. ಒಂದಿಷ್ಟರ ಕೆಲಸ ಹೊಡಿಯೋದಲ್ಲ, ತಡಿಯೋದು. 'ಇವ ನಮ್ಮಾವ, ಬಿಡು' ಅಂತ ಹೇಳೋದು. ಆ ತಡಿಯೋ ಬಳಗ ಕೈಚೆಲ್ಲಿದ್ರ ಹೊಡಿಯೋರಿಗೆ ಲಗಾಮ ಇರಂಗಿಲ್ಲ. ಚರ್ಮದ ಕಣಗೋಳು ಒಂದಕ್ಕೊಂದು ಅಂಟ್ಕೊಂಡು ನಿಂತಿರ್ತಾವಲ್ಲ, ನಿಮ್ಮ ಫೌಜು ಆ ಅಂಟನ್ನೇ ದುಶ್ಮನ್ ಅಂತ ತಿಳಕೊಂಡದ. ಅಂಟು ಬಿಟ್ಟಲ್ಲಿ ನೀರು ತುಂಬಿ ಗುಳ್ಳಿ ಏಳ್ತಾವ."

"ಅವು ಯಾಕ ಕೈ ಚೆಲ್ಲಿದ್ವು?"

"ಪೂರ್ತಿ ಯಾರಿಗೂ ಗೊತ್ತಿಲ್ಲ ಮಾಸ್ತರ. ಹುಟ್ಟಿನಿಂದ ಬಂದ ಗುಣ ಒಂದಿಷ್ಟು, ಮತ್ತೇನೇನೋ ಒಂದಿಷ್ಟು."

ಮಾಸ್ತರು, "ಹಂಗಾರ ಒಳಗ ಒಬ್ಬ ಹೊಸ ಡ್ರಿಲ್ ಮಾಸ್ತರಗ ಪೋಸ್ಟಿಂಗ್ ಕೊಡ್ರಿ" ಅಂದರು. ಡಾಕ್ಟರಮ್ಮ ನಕ್ಕುಬಿಟ್ಟರು. ನಾನೂ ನಕ್ಕೆ. ಅರ್ಥವಾಯಿತು ಅಂದುಕೊಂಡೆ.

ಡಾಕ್ಟರಮ್ಮ ಹೇಳಿದ್ದು ಇಷ್ಟು. ಹೊಸ ಮಾಸ್ತರನನ್ನು ಕೂರಿಸಲು ಸದ್ಯ ಆಗುವುದಿಲ್ಲ, ಫೌಜನ್ನೇ ತುಸು ಸುಸ್ತು ಮಾಡಬೇಕು. ಅದಕ್ಕೆ ಸ್ಟೆರಾಯ್ಡ್ ಗುಳಿಗೆ. ತಾವಾಗಿ ನಿಲ್ಲಿಸಬಾರದು, ಡೋಸು ಇಳಿಸುವುದು ಡಾಕ್ಟರ ಕೆಲಸ. ಫೌಜು ಹೆಚ್ಚಿಸುತ್ತೇವೆ ಅನ್ನುವ ಕಷಾಯ, ಪುಡಿ ಯಾವುದೂ ಬೇಡ. ಫೌಜು ಸುಸ್ತಾಗಿರುವಾಗ ಜ್ವರ ಬಂದರೆ ಅದೇ ದಿನ ಬರಬೇಕು.

"ಟೀಚರ್, ಇದು ಹ್ಯಾಂಗ್ರಿ?" ಅಂದರು ಆಟೋದಲ್ಲಿ. "ಜಗತ್ತೆಲ್ಲಾ ಶಕ್ತಿ ಹೆಚ್ಚ ಮಾಡ್ಕೋ ಅಂತದ. ಈಕಿ ಕಮ್ಮಿ ಮಾಡ್ಕೋ ಅಂತಾಳ."

ಗುಳಿಗೆ ಕೆಲಸ ಮಾಡಿತು. ಬಾಯಿ ಮಾಯಿತು, ಹೊಸ ಗುಳ್ಳೆ ನಿಂತವು, ಮತ್ತೆ ಖಾರ, ಮತ್ತೆ ಸೀಟಿ. ಆದರೆ ಮುಖ ಊದಿತು. ಕಬಡ್ಡಿ ಆಡಿ ಕಡೆದ ಮುಖ ಚಂದ್ರನ ಹಾಗೆ ದುಂಡಗಾಯಿತು. ಕನ್ನಡಿ ನೋಡಿಕೊಂಡು ಸಂಕಟಪಡುತ್ತಿದ್ದರು. ಅದು ನನಗೂ ಅರ್ಥವಾಗುತ್ತದೆ. ಅದಕ್ಕೆ ನಾನು ಬೈಯುತ್ತಿಲ್ಲ.

ಬೈಯುವುದು ಮುಂದಿನದಕ್ಕೆ. ಜ್ವರದ ಸೀಸನ್ ಬಂತು. ವಾಟ್ಸಾಪಿನಲ್ಲಿ ಹೊಸ ಕೊರೊನಾ, ಹೊಸ ಡೆಂಗಿ, ರೋಗನಿರೋಧಕ ಶಕ್ತಿ ಹೆಚ್ಚಿಸಿಕೊಳ್ಳಿ, ಹತ್ತು ಜನಕ್ಕೆ ಕಳಿಸಿ. ಇವರು ಹತ್ತು ಜನಕ್ಕೆ ಕಳಿಸಿದರು. ಮೆಹಕರದ ಸಂಬಂಧಿಕನೊಬ್ಬ ಒಂದು ಪುಡಿ ತಂದುಕೊಟ್ಟ, ಡಬ್ಬದ ಮೇಲೆ ಸಿಂಹದ ಚಿತ್ರ. ಮತ್ತೆ ಥರ್ಮಾಸು ಹೊರಬಂತು. ಗುಳಿಗೆ ಒಳಹೋಯಿತು, ಕಪಾಟಿನೊಳಗೆ. ವೈನಿಗೆ ಹೇಳಲಿಲ್ಲ, ನನಗೆ ಹೇಳಲಿಲ್ಲ. ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ನಿಂತು, "ಹೂಂ, ತಗೋಲತ್ತೀನ್ರಿ" ಅನ್ನುತ್ತಿದ್ದರು.

ಶಾಲೆಗೆ ಬರುವುದು ನಿಂತಿತು. ಫೋನು ಎತ್ತಲಿಲ್ಲ. ಸಂಜೆ ಹೋಗಿ ನೋಡಿದರೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು.

ಔರಾದಿನಿಂದ ಅವರ ತಾಯಿ ಬಂದಿದ್ದರು. ಮಗನ ಮೈಮೇಲಿನ ಗುಳ್ಳೆ ನೋಡಿ, "ತಾಯಿ ಬಂದಾಳ" ಅಂದುಬಿಟ್ಟಿದ್ದರು. ನಮ್ಮ ಕಡೆ ಮೈಮೇಲೆ ಗುಳ್ಳೆ ಎದ್ದು ಅಮ್ಮ, ಅಂದರೆ ದೇವಿ, ಬಂದರೆ ಏನು ನಡೆಯುತ್ತದೆ ಅಂತ ನಿಮಗೆ ಗೊತ್ತು. ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ, ಹೊರಗಿನವರು ಒಳಗೆ ಬರುವುದಿಲ್ಲ, ಡಾಕ್ಟರ ಗುಳಿಗೆ ನುಂಗುವುದಿಲ್ಲ. ತಾಯಿ ಬಂದ ಹಾಗೆ ಹೋಗುತ್ತಾಳೆ ಅಂತ ಕಾಯುವುದು. ಮುದುಕಿ ಬಾಗಿಲಲ್ಲೇ ನನ್ನನ್ನು ತಡೆದರು.

"ಒಳಗ ಬರಬ್ಯಾಡ್ರಿ ಅಕ್ಕೋರೆ. ತಾಯಿ ಅದಾಳ."

"ತಾಯಿ ಅಲ್ಲ ಅಮ್ಮ, ಗುಳಿಗೆ ಬಿಟ್ಟಿರಬೇಕು, ಅದಕ್ಕೇ ಹೀಗಾಗಿದೆ" ಅಂದು ದಾಟಿಕೊಂಡು ಒಳಗೆ ಹೋದೆ.

ಮಾಸ್ತರು ಬೋರಲಾಗಿ ಮಲಗಿದ್ದರು. ಬೆನ್ನು ಸುಟ್ಟವರ ಬೆನ್ನಿನ ಹಾಗಿತ್ತು. ನನ್ನನ್ನು ನೋಡಿದ್ದೇ ತಾಯಿಯ ಮೇಲೆ ದೂರು ಶುರು ಮಾಡಿದರು. "ನೋಡ್ರಿ ಟೀಚರ್, ನಮ್ಮವ್ವಂದು! ಮೂಢನಂಬಿಕಿ. ಬಸವಣ್ಣನ ಫೋಟೋ ಗ್ವಾಡಿಗಿ ಅದ, ಬೇವಿನ ತೊಪ್ಪಲ ಬಾಗಿಲಿಗಿ ಅದ. ನಾ ಎಷ್ಟ ಹೇಳ್ದೆ, ಕೇಳವಲ್ಲಳು."

"ಸರ್, ನೀವು ಗುಳಿಗೆ ತಗೊಂಡಿರಾ?"

ಅವರು ಮುಖ ಗೋಡೆಯ ಕಡೆ ತಿರುಗಿಸಿದರು.

"ಯಾವಾಗ ಬಿಟ್ರಿ?"

"ಬಿಟ್ಟಿಲ್ರಿ... ಜರಾ ನಿಲ್ಲಸೀನಿ. ಕಾಲ ಕೆಟ್ಟದ. ಇಂಥಾದ್ರಾಗ ಫೌಜ್ ಇಳಿಸ್ಕೊಂಡು ಕುಂದರ್ಲೇನು?"

ನನಗೆ ತಲೆ ಕೆಟ್ಟುಹೋಯಿತು. ತಾಯಿ ದೇವಿಗೆ ಹೆದರಿ ಗುಳಿಗೆ ಬೇಡ ಅನ್ನುತ್ತಾರೆ. ಮಗ ತಾಯಿಯನ್ನು ಮೂಢ ಅಂತ ಬೈಯುತ್ತ, ಸಿಂಹದ ಡಬ್ಬಕ್ಕೆ ಕೈಮುಗಿದು, ತಾನೂ ಗುಳಿಗೆ ಬೇಡ ಅನ್ನುತ್ತಾನೆ. ಇಬ್ಬರೂ ಜಗಳಾಡುತ್ತಿದ್ದಾರೆ, ಇಬ್ಬರೂ ಒಂದೇ ಕೆಲಸ ಮಾಡುತ್ತಿದ್ದಾರೆ. ನಡುವೆ ಬೆನ್ನು ಸುಲಿಯುತ್ತಿದೆ. ಮೂಲೆಯಲ್ಲಿ ವೈನಿ ನಿಂತಿದ್ದರು, ಯಾರ ಕಡೆ ಮಾತಾಡಬೇಕು ತಿಳಿಯದೆ.

ನಾನು ಕೂಗಾಡಿದೆ. ಅವರೂ ಕೂಗಿದರು. "ನೀವು ಕನ್ನಡ ಟೀಚರ್, ಕನ್ನಡ ಕಲಸ್ರಿ" ಅಂದರು. "ನೀವು ಸತ್ತರೆ ಶ್ರದ್ಧಾಂಜಲಿ ಭಾಷಣ ನಾನೇ ಬರೆಯಬೇಕು, ನನಗೆ ಪುರುಸೊತ್ತಿಲ್ಲ" ಅಂದೆ.

ಆಗ ಅವರು ಸಿಟ್ಟಿನಿಂದ ಏಳಲು ಹೋದರು. ಮೈ ಎದ್ದಿತು, ಆದರೆ ಎದೆಯ ಚರ್ಮ ಹಾಸಿಗೆಗೇ ಅಂಟಿ ಉಳಿಯಿತು. ಅವರ ತಾಯಿ ಹತ್ತಿರ ಬಂದು ಆ ಹಾಸಿಗೆಯನ್ನು ನೋಡಿದರು. ಮಗನ ಎದೆ ನೋಡಿದರು.

"ಇದು ತಾಯಿ ಅಲ್ಲ. ತಾಯಿ ಹಿಂಗ ಸುಲಿಯಂಗಿಲ್ಲ." ಸೊಸೆಯ ಕಡೆ ತಿರುಗಿ, "ಆಟೋ ತರಸು ಬೇ" ಅಂದರು. ಹೋಗಿ ಬಾಗಿಲಿನ ಬೇವು ತಾವೇ ಕಿತ್ತರು.

ಮಗ ಆಟೋ ಹತ್ತುವಾಗಲೂ ಥರ್ಮಾಸು ಕೇಳಿದ. ಮುದುಕಿ ಅದನ್ನು ಬಚ್ಚಲಲ್ಲಿ ಬಗ್ಗಿಸಿ ಬಂದು, "ನಡಿ" ಅಂದರು.

ಆಸ್ಪತ್ರೆಯಲ್ಲಿ ಬಟ್ಟೆಯ ಮೇಲೆ ಮಲಗಿಸಲು ಆಗಲಿಲ್ಲ, ಅಂಟುತ್ತಿತ್ತು. ಬಾಳೆ ಎಲೆ ತನ್ನಿ, ಅಂಟುವುದಿಲ್ಲ, ತಂಪು ಅಂದರು ನರ್ಸು. ನಾನೂ ವೈನಿಯೂ ಬೀದರಿನ ಹೂವಿನ ಅಂಗಡಿ, ಮಾರ್ಕೆಟ್ಟು ಸುತ್ತಿದೆವು. ಒಬ್ಬ, "ಪೂಜಿ ಏನ್ರಿ?" ಅಂತ ಕೇಳಿದ. ವೈನಿ "ಹೂಂ" ಅಂದರು. ಹೇಳುತ್ತ ಕೂರಲು ಅವರಿಗೆ ತ್ರಾಣ ಇರಲಿಲ್ಲ. ಎಳೆಯ ಎಲೆ ತೊಳೆದು ಹಾಸಿ ಮಲಗಿಸಿದರೆ ಈ ಮಹಾರಾಯ, "ಊಟಕ್ಕ ಬಡಸೂದೊಂದೇ ಬಾಕಿ" ಅಂದ. ಆ ಸ್ಥಿತಿಯಲ್ಲೂ ಬಾಯಿ ನೋಡಿ!

ಹೈದರಾಬಾದಿಗೆ ಹೋಗಿ ಇಂಜೆಕ್ಷನ್ ಹಾಕಿಸಿಕೊಂಡು ಬಂದರು. ಬಹಳ ದಿನ ಹಿಡಿಯಿತು, ಆದರೂ ಉಳಿದರು. ಇನ್ನು ಬುದ್ಧಿ ಬಂತು ಅಂದುಕೊಂಡೆ.

ಬುದ್ಧಿ ಹೇಗೆ ಬಂತು ಕೇಳಿ. ಈಗ ಸ್ಟೆರಾಯ್ಡಿನ ಪ್ರಚಾರಕರಾದರು! ಬಸ್ಸಿನಲ್ಲಿ ಯಾರಾದರೂ ಕೈ ಕೆರೆದುಕೊಂಡರೆ, "ಫೌಜ್ ಬಿಗಡಾಯಿಸ್ಯಾದ, ಈ ಗುಳಿಗಿ ತಗೋರಿ" ಅನ್ನುವುದು. ನಮ್ಮ ಶಾಲೆಯ ಗುಮಾಸ್ತರಿಗೆ ತೊಡೆಸಂದಿಯಲ್ಲಿ ಗಜಕರ್ಣ, ದುಂಡನೆ ಕೆಂಪು ಉಂಗುರ. ಇವರು ತಮ್ಮ ಗುಳಿಗೆಯಲ್ಲಿ ಒಂದಿಷ್ಟು ಕೊಟ್ಟರು. ಗಜಕರ್ಣ ಹೊರಗಿನಿಂದ ಬರುವ ಶಿಲೀಂಧ್ರ. ಅದನ್ನು ಹೊಡೆಯಲು ಫೌಜು ಬೇಕು. ಫೌಜನ್ನು ಮಲಗಿಸಿದರೆ ಅದಕ್ಕೆ ಹಬ್ಬ. ಸೊಂಟದವರೆಗೆ ಹಬ್ಬಿತು. ಗುಮಾಸ್ತರು ಕುರ್ಚಿಯಲ್ಲಿ ಕೂರಲಾರದೆ ನಿಂತೇ ಸಂಬಳದ ಬಿಲ್ಲು ಬರೆದರು. ಡಾಕ್ಟರಮ್ಮ ಮಾಸ್ತರನ್ನು ಕರೆಸಿ ಬೈದರಂತೆ. ಇವರು ಬಂದು ನನಗೆ ಹೇಳಿದ್ದು: "ಹೆಚ್ಚಾದ್ರೂ ತಪ್ಪು, ಕಮ್ಮಿಯಾದ್ರೂ ತಪ್ಪು. ಇದೆಂಥಾ ಫೌಜ್ರಿ ಟೀಚರ್?"

ಅದೇ ಅಲ್ಲವೇ ಡಾಕ್ಟರಮ್ಮ ಮೊದಲ ದಿನದಿಂದ ಹೇಳುತ್ತಿದ್ದದ್ದು! ಗೋಡೆಗೆ ಹಣೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಕೊನೆಯದು ಬೇಗ ಹೇಳಿ ಮುಗಿಸುತ್ತೇನೆ. ಔರಾದಿನಲ್ಲಿ ಹುಡುಗಿಯರ ಕಬಡ್ಡಿ ಪಂದ್ಯ ಇತ್ತು. ಆ ಹೊತ್ತಿಗೆ ಇವರಿಗೆ ಜ್ವರ ಬಂದಿತ್ತು. ಗುಳಿಗೆಯನ್ನೇನೋ ಸರಿಯಾಗಿ ತೆಗೆದುಕೊಳ್ಳುತ್ತಿದ್ದರು, ಈ ಸಲ ಅದರಲ್ಲಿ ಸುಳ್ಳಿಲ್ಲ. ಅಂದರೆ ಫೌಜು ಸುಸ್ತಾಗಿತ್ತು. ಜ್ವರ ಬಂದರೆ ಅದೇ ದಿನ ಓಡಬೇಕಾದ ಕಾಲ. ಹೇಳಿದರೆ ವೈನಿ ಔರಾದಿಗೆ ಬಿಡುವುದಿಲ್ಲ ಅಂತ ಮುಚ್ಚಿಟ್ಟರು. ಹುಡುಗಿಯರ ಜೊತೆ ಹೊರಟರು. ಆವತ್ತು ಬಸ್ಸಿನಲ್ಲಿ ಸೀಟು ಹಿಡಿದು ಕೂತರಂತೆ. ಹುಡುಗಿಯರು ಆಮೇಲೆ ನನಗೆ ಅದನ್ನೇ ಹೇಳಿದರು: "ಸರ್ ಕುಂತಿದ್ರು ಟೀಚರ್. ನಮಗ ಆಗಲೇ ಅಂಜಿಕಿ ಬಂತು." ಪಂದ್ಯ ಸೋತರು. ಇವರು ಶಾಲು ಹೊದ್ದುಕೊಂಡೇ ರೆಫರಿಯ ಜೊತೆ ಜಗಳ ತೆಗೆದರು. ಮರುದಿನ ಉಸಿರಾಡಲು ಆಗಲಿಲ್ಲ. ನ್ಯುಮೋನಿಯಾ. ಹೈದರಾಬಾದಿಗೆ ಒಯ್ದರು, ಈ ಸಲ ವಾಪಸು ಕರೆತರಲು ಆಗಲಿಲ್ಲ.

ಡಾಕ್ಟರಮ್ಮನಿಗೆ ಫೋನು ಮಾಡಿ ತಿಳಿಸಿದೆ. "ಜ್ವರ ಬಂದ ದಿನಾನೇ ಬಂದಿದ್ರ..." ಅಂದು ಅಲ್ಲಿಗೇ ನಿಲ್ಲಿಸಿದರು.

ಮಾತಾಡಿಸಲು ಮನೆಗೆ ಹೋದಾಗ ಮುದುಕಿ ಕಟ್ಟೆಯ ಮೇಲೆ ಕೂತಿದ್ದರು. ನನ್ನ ಸಿಟ್ಟು ಅಲ್ಲೂ ಇಳಿದಿರಲಿಲ್ಲ. "ಯಾರು ಹೇಳಿದ್ರೂ ಕೇಳಲಿಲ್ಲವಲ್ಲ ಅಮ್ಮ" ಅಂದೆ. ಅವರು ನನ್ನ ಕಡೆ ನೋಡದೆ ಹೇಳಿದರು:

"ಯಾರ ಮಾತ ಕೇಳ್ತಿದ್ದ ಹೇಳವ್ವಾ ಅವಾ? ನಾನೂ ಕುಂತು ಅದೇ ನೆನಪ ಮಾಡ್ಲತ್ತೀನಿ. ಒಬ್ಬರೂ ನೆನಪಿಗಿ ಬರವಲ್ಲರು."

ನನಗೂ ಬರುತ್ತಿಲ್ಲ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಓಂ ಶಾಂತಿ, ಕೈಮುಗಿದ ಚಿತ್ರ ಇವೆಲ್ಲ ಬೇಡ. ಮನೆಮದ್ದಿನ ಸಲಹೆಯಂತೂ ಬೇಡವೇ ಬೇಡ, ಡಿಲೀಟ್ ಮಾಡುತ್ತೇನೆ. ನಿಮ್ಮ ಮನೆಯಲ್ಲೂ ಇಂಥ ಒಬ್ಬರು ಇದ್ದು, ಹಟ ಬಿಟ್ಟು ಮತ್ತೆ ಗುಳಿಗೆ ಹಿಡಿದು ಉಳಿದುಕೊಂಡಿದ್ದರೆ ಅದನ್ನು ಬರೆಯಿರಿ. ಅವರಿಗೆ ಯಾರು ಹೇಳಿದರು, ಏನು ಹೇಳಿದರು, ಹೇಗೆ ಹೇಳಿದರೆ ಕೇಳಿದರು? ವೈನಿ ಈಗಲೂ ನನ್ನನ್ನು ಅದನ್ನೇ ಕೇಳುತ್ತಾರೆ, ತಾನು ಇನ್ನೇನು ಹೇಳಬಹುದಿತ್ತು ಅಂತ.